14x11 ಅಡಿ ರೂಮಿಗೆ ಚಿಕ್ಕ ಸೀಲ್ಡ್ ಸಬ್‌ವೂಫರ್ ಬೇಕು: ಕಛೇರಿ ಮೊದಲು, ಸಿನಿಮಾ ಆಮೇಲೆ

ಎಸ್ಸೆಸ್‌ಪುರಂ_ಕೇಳುಗ (ತುಮಕೂರು)

ಎಲ್ಲರಿಗೂ ನಮಸ್ಕಾರ. ತುಮಕೂರಿನ ಎಸ್.ಎಸ್. ಪುರಂನಲ್ಲಿ ನಮ್ಮ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಹಾಲ್ ಪಕ್ಕದ ರೂಮನ್ನು ಹಾಡು ಕೇಳೋಕೆ, ಸಿನಿಮಾ ನೋಡೋಕೆ ಅಂತಲೇ ಇಟ್ಟುಕೊಂಡಿದ್ದೇನೆ. 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಇಟ್ಟಿಗೆ ಗೋಡೆ, ಆರ್‌ಸಿಸಿ ಮೋಲ್ಡ್, ನೆಲಕ್ಕೆ ಗ್ರಾನೈಟ್. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ಎಡಗಡೆ ಗಾಜಿನ ಬಾಗಿಲಿನ ಶೋಕೇಸ್, ಅದರ ತುಂಬ ಅಮ್ಮನ ದಸರಾ ಗೊಂಬೆಗಳು.

ಈಗ ಇರೋದು ಒಂದು ಹಳೆಯ 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಸದ್ದು ಹಂಚುವ ಆಂಪ್ಲಿಫೈಯರ್), ಮುಂದೆ ಐದು ಇಂಚಿನ ವೂಫರ್ ಇರುವ ಎರಡು ಬುಕ್‌ಶೆಲ್ಫ್ ಸ್ಪೀಕರ್, ಒಂದು ಸೆಂಟರ್, ಹಿಂದೆ ಎರಡು ಚಿಕ್ಕ ಸ್ಪೀಕರ್. ತಗ್ಗು ಸ್ವರದ ಸದ್ದನ್ನು (ಬಾಸ್) ನುಡಿಸುವ ಸಬ್‌ವೂಫರ್ ಇಲ್ಲ. ಆ ಜಾಗ ಇನ್ನೂ ಖಾಲಿ.

ನಾನು ಕೇಳೋದು ಮುಕ್ಕಾಲು ಪಾಲು ಕರ್ನಾಟಕ ಸಂಗೀತ. ಅದರಲ್ಲೂ ತನಿ ಆವರ್ತನ (ಕಛೇರಿಯಲ್ಲಿ ತಾಳವಾದ್ಯ ಮಾತ್ರ ನುಡಿಯುವ ಭಾಗ) ಬಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಕೂತು ಕೇಳುತ್ತೇನೆ. ರಾಮನವಮಿ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತಾಗ ಮೃದಂಗದ ಎಡಗೈ ನಾದ ಎದೆಗೆ ತಾಕುತ್ತದೆ. ಮನೆಯಲ್ಲಿ ಬಲಗೈ ಮಾತ್ರ ಚೆನ್ನಾಗಿ ಕೇಳಿಸುತ್ತದೆ, ಎಡಗೈ ಇದೆಯೋ ಇಲ್ಲವೋ ಅನ್ನೋ ಹಾಗಿರುತ್ತದೆ. ಭಾನುವಾರ ಮಕ್ಕಳ ಜೊತೆ ಸಿನಿಮಾ. ಅವರಿಗೆ ಗುಡುಗು ಗುಡುಗಿನ ಹಾಗೇ ಕೇಳಬೇಕು.

ಬೆಂಗಳೂರಿನಲ್ಲಿ ಒಂದು ಅಂಗಡಿಯಲ್ಲಿ ಡೆಮೊ ಕೇಳಿದೆ. ಬರೀ ಸ್ಫೋಟದ ದೃಶ್ಯ ಹಾಕಿ ತೋರಿಸಿದರು. ಸಂಗೀತ ಹಾಕಿ ಅಂದರೆ ಪೆನ್‌ಡ್ರೈವ್ ಹಾಕಲು ಬಿಡಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಬಜೆಟ್ 70,000 ರೂಪಾಯಿ. ಡಬ್ಬ ಚಿಕ್ಕದಿರಬೇಕು, ಒಂದೂಕಾಲು ಅಡಿಗಿಂತ ದೊಡ್ಡದನ್ನು ಇಡಲು ಜಾಗ ಇಲ್ಲ. ಸೀಲ್ಡ್ (ಪೂರ್ತಿ ಮುಚ್ಚಿದ ಡಬ್ಬ) ತಗೊಳ್ಳೋದಾ, ಪೋರ್ಟೆಡ್ (ಗಾಳಿ ಹೋಗಲು ತೂತು ಇರುವ ಡಬ್ಬ) ತಗೊಳ್ಳೋದಾ? ಒಳಗಿನ ಕೋನ್ (ಕಂಪಿಸಿ ಸದ್ದು ಮಾಡುವ ಭಾಗ) 8 ಇಂಚು ಸಾಕಾ, 12 ಬೇಕಾ? ಎಲ್ಲಿ ಇಡಬೇಕು?

---

ಶಿರಾಗೇಟ್_ಹೋಮ್‌ಥಿಯೇಟರ್

ಸರ್, ಆ ಬಜೆಟ್‌ಗೆ ಪೋರ್ಟೆಡ್ 12 ಇಂಚು ತಗೊಳ್ಳಿ. ಅದೇ ದುಡ್ಡಿಗೆ ಜಾಸ್ತಿ ಬಾಸ್ ಸಿಗುತ್ತದೆ. 20ರಿಂದ 30 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ, ಅಂದರೆ ತೀರಾ ಆಳದ ಬಾಸ್) ನಡುವೆ ಸೀಲ್ಡ್ ಡಬ್ಬ ಪೋರ್ಟೆಡ್‌ಗೆ ಸಾಟಿ ಅಲ್ಲ. ಸಿನಿಮಾದಲ್ಲಿ ಮೈ ನಡುಗಿಸುವುದು ಅಲ್ಲೇ ಇರೋದು. ನನ್ನ ಹಾಲ್ 22 ಅಡಿ ಇದೆ, ಊಟದ ಮನೆಗೆ ತೆರೆದುಕೊಂಡಿದೆ. ಅಲ್ಲಿ ಚಿಕ್ಕ ಸೀಲ್ಡ್ ಒಂದನ್ನು ಇಟ್ಟು ಕೇಳಿ, ಆಮೇಲೆ ಪೋರ್ಟೆಡ್‌ಗೆ ಬಂದೆ. ಡಬ್ಬ ದೊಡ್ಡದು ನಿಜ. ಜಾಗ ಹೇಗಾದರೂ ಮಾಡಿಕೊಳ್ಳಬಹುದು, ಅಲ್ವಾ?

---

ಎಡಗೈ_ಗುಮ್ಕಿ (ಕ್ಯಾತಸಂದ್ರ)

ಎಸ್ಸೆಸ್‌ಪುರಂ ಸರ್, ನಾನು ಮೃದಂಗ ನುಡಿಸುವವನು. ನಿಮ್ಮ ಪ್ರಶ್ನೆ ಓದಿದ ಮೇಲೆ ಉತ್ತರ ಬರೆಯದೆ ಇರಲು ಆಗಲಿಲ್ಲ. ಎಡಗೈಯನ್ನು ಕೇಳಬೇಕು ಅಂತ ದುಡ್ಡು ಖರ್ಚು ಮಾಡಲು ಹೊರಟವರು ಅಪರೂಪ.

ನೇರವಾಗಿ ಹೇಳುತ್ತೇನೆ. ನಿಮ್ಮ ರೂಮಿಗೆ ಸೀಲ್ಡ್ ಸರಿ. ಬಜೆಟ್‌ನಲ್ಲಿ ಸಿಗುವ ದೊಡ್ಡ ಕೋನ್ ತಗೊಳ್ಳಿ. ಅದನ್ನು ಎಲ್ಲಿ ಇಡಬೇಕು ಅಂತ ಹುಡುಕಲು ಒಂದು ಭಾನುವಾರ ಪೂರ್ತಿ ಎತ್ತಿಡಿ. ಬ್ರ್ಯಾಂಡ್ ಆರಿಸುವುದಕ್ಕಿಂತ ಆ ಭಾನುವಾರವೇ ಮುಖ್ಯ.

ಸೀಲ್ಡ್ ಯಾಕೆ? ಮುಚ್ಚಿದ ಡಬ್ಬದೊಳಗಿನ ಗಾಳಿ ಕೋನ್‌ಗೆ ಸ್ಪ್ರಿಂಗ್ ಆಗಿ ಕೆಲಸ ಮಾಡುತ್ತದೆ. ಇದನ್ನೇ ಆಧಾರ ಮಾಡಿಕೊಂಡು ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ 1954ರಲ್ಲಿ ಅಮೆರಿಕದಲ್ಲಿ ಎಆರ್-1 ಅನ್ನೋ ಸ್ಪೀಕರ್ ತಂದರು. ಅಲ್ಲಿಯವರೆಗೆ ಒಳ್ಳೆ ಬಾಸ್ ಬೇಕೆಂದರೆ ಬೀರು ಗಾತ್ರದ ಡಬ್ಬ ಬೇಕಿತ್ತು. ಸೀಲ್ಡ್ ಡಬ್ಬದಲ್ಲಿ ಸದ್ದು ಕೆಳಗೆ ನಿಧಾನವಾಗಿ ಇಳಿಯುತ್ತದೆ. ಅದರ ಮಿತಿ ದಾಟಿದ ಮೇಲೆ ಒಂದು ಸ್ಥಾಯಿ ಕೆಳಗೆ (ಹರ್ಟ್ಸ್ ಅರ್ಧಕ್ಕೆ) ಹೋದರೆ ಸುಮಾರು 12 ಡೆಸಿಬಲ್ ಕಮ್ಮಿ. ಪೋರ್ಟೆಡ್‌ನಲ್ಲಿ ಪೋರ್ಟ್ ಟ್ಯೂನ್ ಮಾಡಿದ ಜಾಗದವರೆಗೆ ಜೋರಾಗಿ ಬಂದು, ಅದರ ಕೆಳಗೆ ಸ್ಥಾಯಿಗೆ 24 ಡೆಸಿಬಲ್‌ನಂತೆ ಬಿದ್ದುಹೋಗುತ್ತದೆ.

ಇಲ್ಲಿ ನಿಮ್ಮ ರೂಮು ಒಳಗೆ ಬರುತ್ತದೆ. 565ನ್ನು ಅಡಿ ಲೆಕ್ಕದ ಉದ್ದದಿಂದ ಭಾಗಿಸಿ. 14 ಅಡಿಗೆ ಸುಮಾರು 40 ಹರ್ಟ್ಸ್. ಅದು ನಿಮ್ಮ ರೂಮಿನ ಮೊದಲ ಅನುರಣನ, ಅಂದರೆ ಗೋಡೆಗಳ ನಡುವೆ ತಾನಾಗಿ ಗುಂಯ್ ಅನ್ನುವ ಸ್ವರ. ಅದಕ್ಕಿಂತ ಕೆಳಗಿನ ಸದ್ದಿಗೆ ರೂಮು ಪೂರ್ತಿ ಒಂದು ಒತ್ತಡದ ಡಬ್ಬದ ಹಾಗೆ ನಡೆದುಕೊಳ್ಳುತ್ತದೆ, ಬಾಸ್ ತಾನಾಗಿ ಏರುತ್ತದೆ. ನಮ್ಮ ಇಟ್ಟಿಗೆ ಗೋಡೆ, ಕಾಂಕ್ರೀಟ್ ಮೋಲ್ಡ್ ಬಾಗುವುದಿಲ್ಲ, ಬಾಸನ್ನು ಹೊರಗೂ ಅಷ್ಟಾಗಿ ಬಿಡುವುದಿಲ್ಲ. ಅಮೆರಿಕದವರ ತೆಳು ಹಲಗೆ ಗೋಡೆಗಿಂತ ಇಲ್ಲಿ ಈ ಏರಿಕೆ ಜಾಸ್ತಿ. ಸೀಲ್ಡ್ ಸಬ್ ಇಳಿಯುವ ಕಡೆಯಲ್ಲೇ ರೂಮು ಎತ್ತಿಕೊಡುತ್ತದೆ. ಎರಡೂ ಸೇರಿ ಹೆಚ್ಚುಕಮ್ಮಿ ಸಮ ಆಗುತ್ತದೆ. ಬಾಗಿಲು ಕಿಟಕಿ ತೆರೆದಿಟ್ಟರೆ ಈ ಲಾಭದಲ್ಲಿ ಒಂದಷ್ಟು ಹೋಗುತ್ತದೆ, ಅದೂ ನೆನಪಿರಲಿ. ಶಿರಾಗೇಟ್ ಸರ್ ಹಾಲ್ 22 ಅಡಿ, ಜೊತೆಗೆ ತೆರೆದ ಹಾಲ್. ಅಲ್ಲಿ ಅವರು ಹೇಳಿದ್ದೇ ಸರಿ. ನಿಮ್ಮದು ಬೇರೆ ಲೆಕ್ಕ.

ಆದರೆ ಇದೇ ಗಟ್ಟಿ ಗೋಡೆಯಿಂದ ತೊಂದರೆಯೂ ಉಂಟು. 11 ಅಡಿ ಅಗಲಕ್ಕೆ 51 ಹರ್ಟ್ಸ್, 10 ಅಡಿ ಎತ್ತರಕ್ಕೆ 56 ಹರ್ಟ್ಸ್. 40, 51, 56 ಮೂರೂ ಹತ್ತಿರ ಹತ್ತಿರ ಕೂತಿವೆ. ಸಬ್ ತಂದು ಸುಮ್ನೆ ಮೂಲೆಗೆ ತಳ್ಳಿದರೆ ಆ ಮೂರು ಸ್ವರಗಳು ಗುಂಯ್ ಅಂತ ಉಳಿದುಕೊಳ್ಳುತ್ತವೆ, ಬೇರೆಯವು ಕೇಳುವುದಿಲ್ಲ. ಜನ ಇದನ್ನು ಸಬ್‌ವೂಫರ್ ದೋಷ ಅಂದುಕೊಂಡು ಮಾರಿಬಿಡುತ್ತಾರೆ.

ಇದನ್ನು ಹಿಡಿಯಲು ಗುಮ್ಕಿಗಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ. ಮೃದಂಗದ ಎಡಗಡೆ ಮುಖಕ್ಕೆ (ತೊಪ್ಪಿ) ರವೆ ಮೆತ್ತಿ, ಅಂಗೈ ಬುಡದಿಂದ ಒತ್ತಿ ಜಾರಿಸಿದಾಗ ನಾದ ಕೆಳಗಿಂದ ಮೇಲಕ್ಕೆ ಏರುತ್ತದಲ್ಲ, ಆ ಗುಮ್ಕಿ ಒಂದೇ ಸಮನೆ ಏರಬೇಕು. ನಿಮಗೆ ಚೆನ್ನಾಗಿ ಪರಿಚಯ ಇರುವ ಒಂದು ತನಿ ಹಾಕಿ. ಗುಮ್ಕಿ ಏರುತ್ತಾ ನಡುವೆ ಒಂದು ಕಡೆ ದೊಡ್ಡದಾಗಿ ಉಬ್ಬಿ ಮತ್ತೆ ಮಾಯವಾದರೆ ಸಬ್ ತಪ್ಪು ಜಾಗದಲ್ಲಿದೆ. ಪ್ರತಿ ಎಡಗೈ ಪೆಟ್ಟೂ ಒಂದೇ 'ದುಂ' ಆಗಿ ಕೇಳಿದರೂ ಅದೇ ಕಾರಣ. ತಂಬೂರಿಯೂ ಒಳ್ಳೆ ಸಾಕ್ಷಿ. ಗಾಯಕರ ಶ್ರುತಿ ಸಿ ಆಗಿದ್ದರೆ ಮಂದ್ರ ಷಡ್ಜದ (ಕೆಳಗಿನ ಸ್ಥಾಯಿಯ ಸ) ತಂತಿ ಸುಮಾರು 65 ಹರ್ಟ್ಸ್. ಅದು ಹಿನ್ನೆಲೆಯಲ್ಲಿ ಇರಬೇಕು, ಗಾಯಕರ ಮೇಲೆ ಬರಬಾರದು.

ಜಾಗ ಹುಡುಕುವುದು ಹೀಗೆ. ಸಬ್ಬನ್ನು ಎತ್ತಿ ನೀವು ಕೂರುವ ಸೋಫಾ ಮೇಲೇ ಇಡಿ. ತನಿ ಹಾಕಿ. ಆಮೇಲೆ ಸಬ್ ಇಡಲು ಸಾಧ್ಯ ಇರುವ ಜಾಗಗಳಲ್ಲೆಲ್ಲ ನೆಲದ ಮಟ್ಟಕ್ಕೆ ಬಗ್ಗಿ ಕೇಳಿ. ಎಲ್ಲಿ ಎಡಗೈ ಸ್ಪಷ್ಟವಾಗಿ, ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಟ್ಟು, ನೀವು ಸೋಫಾಗೆ ವಾಪಸ್ ಬನ್ನಿ. ಮನೆಯವರು ನೋಡಿ ವಿಚಿತ್ರ ಅಂದುಕೊಂಡರೂ ಪರವಾಗಿಲ್ಲ, ಇದು ಕೆಲಸ ಮಾಡುತ್ತದೆ. ಸೋಫಾವನ್ನು ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ತನ್ನಿ. ಗೋಡೆಗೆ ಅಂಟಿದ ಕಡೆ ಬಾಸ್ ಯಾವಾಗಲೂ ಉಬ್ಬಿರುತ್ತದೆ. ರೂಮಿನ ಸರಿ ಮಧ್ಯಕ್ಕೂ ಬರಬೇಡಿ, ಅಲ್ಲಿ 40 ಹರ್ಟ್ಸ್ ಬತ್ತಿಹೋಗುತ್ತದೆ.

ಈಗ ಮಾಡೆಲ್. ಎಸ್‌ವಿಎಸ್ ಎಸ್‌ಬಿ-1000 ಪ್ರೊ ಸೀಲ್ಡ್. 12 ಇಂಚಿನ ಡ್ರೈವರ್ (ಕೋನ್), 325 ವಾಟ್, ಡಬ್ಬ ಹೆಚ್ಚುಕಮ್ಮಿ ಒಂದೂಕಾಲು ಅಡಿಯೊಳಗೆ. ಫೋನಿನ ಆ್ಯಪ್‌ನಲ್ಲಿ ಈಕ್ವಲೈಸರ್ ಇದೆ. ನಿಮ್ಮ 40ರ ಉಬ್ಬನ್ನು ಅಲ್ಲೇ ತಗ್ಗಿಸಬಹುದು. ರೆಲ್ ಟಿ/5ಎಕ್ಸ್ ಇನ್ನೂ ಚಿಕ್ಕದು. 8 ಇಂಚಿನ ಕೋನ್ ಕೆಳಮುಖ, 125 ವಾಟ್. ಸಂಗೀತಕ್ಕೆ ಬಹಳ ಚೆನ್ನ. ಮಕ್ಕಳ ಗುಡುಗಿಗೆ ಸಾಲದು. ಕೆಇಎಫ್ ಕೆಸಿ62 ಹತ್ತು ಇಂಚಿನ ಘನದಷ್ಟೇ ಇದೆ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಆರೂವರೆ ಇಂಚಿನ ಕೋನ್, 1000 ವಾಟ್. ಅದ್ಭುತ ಕೆಲಸ, ಆದರೆ ನಿಮ್ಮ ಬಜೆಟ್ ದಾಟುತ್ತದೆ.

ಡಬ್ಬ ಚಿಕ್ಕದಾದಂತೆ ಅಷ್ಟು ವಾಟ್ ಯಾಕೆ ಅಂತ ಕೇಳಬಹುದು. ಚಿಕ್ಕ ಡಬ್ಬ, ಆಳದ ಬಾಸ್, ಕಡಿಮೆ ಪವರ್‌ಗೆ ಜೋರು ಸದ್ದು: ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಇದಕ್ಕೆ ಹಾಫ್‌ಮನ್ ನಿಯಮ ಅಂತಾರೆ. ಮೂರನೆಯದನ್ನು ವಾಟ್ ಸುರಿದು ಕೊಂಡುಕೊಳ್ಳಬೇಕು. ಇನ್ನೊಂದು, ಒಂದು ಸ್ಥಾಯಿ ಕೆಳಗೆ ಅಷ್ಟೇ ಜೋರಾಗಿ ನುಡಿಸಬೇಕಾದರೆ ಕೋನ್ ನಾಲ್ಕು ಪಟ್ಟು ಗಾಳಿ ತಳ್ಳಬೇಕು. 12 ಇಂಚಿನ ಕೋನ್ ವಿಸ್ತಾರ 8 ಇಂಚಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಅದಕ್ಕೇ ಸಿನಿಮಾನೂ ಬೇಕು ಅಂದರೆ 12ಕ್ಕೆ ಹೋಗಿ ಅನ್ನುತ್ತೇನೆ.

---

ಎಸ್ಸೆಸ್‌ಪುರಂ_ಕೇಳುಗ

ಗುಮ್ಕಿ ಸರ್, ತುಂಬ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. 565ರ ಲೆಕ್ಕವನ್ನು ಮನೆಯ ಎಲ್ಲ ರೂಮಿಗೂ ಹಾಕಿ ನೋಡಿದೆ!

ಇನ್ನು ಮೂರು ವಿಷಯ. ಮೇಲಿನ ಮನೆಯವರಿಗೆ ಪುಟ್ಟ ಮಗು ಇದೆ. ಸೀಲ್ಡ್ ಆದರೆ ಮೇಲಕ್ಕೆ ಸದ್ದು ಕಮ್ಮಿ ಹೋಗುತ್ತದಾ? ರಿಸೀವರ್‌ನಲ್ಲಿ ಏನೇನು ಸೆಟ್ ಮಾಡಬೇಕು? ನಮ್ಮ ಏರಿಯಾದಲ್ಲಿ ಕರೆಂಟ್ ಏರಿಳಿತ ಜಾಸ್ತಿ, ಮಳೆಗಾಲಕ್ಕೆ ಮುಂಚೆ ಗುಡುಗು ಸಿಡಿಲು ಬೇರೆ. ಸ್ಟೆಬಿಲೈಸರ್ ಬೇಕಾ?

---

ಕೋಲಾರ_ರೆಕಾರ್ಡ್‌ಪ್ರಿಯ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದೂ ಇದೇ ಥರದ ಪ್ರಶ್ನೆ, ಅದಕ್ಕೆ ಹೊಸ ಥ್ರೆಡ್ ಮಾಡಲಿಲ್ಲ. ನನ್ನ ಹತ್ತಿರ ರಿಸೀವರ್ ಇಲ್ಲ, ಎರಡು ಚಾನೆಲ್ ಆಂಪ್ಲಿಫೈಯರ್ ಅಷ್ಟೇ. ಸಬ್‌ಗೆ ಬೇರೆ ಔಟ್‌ಪುಟ್ ಇಲ್ಲ. ಕೇಳೋದು ಹೆಚ್ಚಾಗಿ ಕಂಪನಿ ನಾಟಕದ ಹಾಡುಗಳು, ಹಳೆಯ 78 ಆರ್‌ಪಿಎಂ ಪ್ಲೇಟ್‌ಗಳು. ಗುಬ್ಬಿ ಕಂಪನಿ ಕಾಲದ ಆ ಕಂಠಗಳನ್ನು ತಾತ ಹೇಳಿ ಹೇಳಿ ತಲೆಗೆ ಹತ್ತಿಸಿದ್ದರು. ಸಬ್ ಹಾಕಿದರೆ ಅವು ಇನ್ನಷ್ಟು ತುಂಬಿ ಬರುತ್ತವಾ?

---

ಎಡಗೈ_ಗುಮ್ಕಿ (ಕ್ಯಾತಸಂದ್ರ)

ಕೋಲಾರದವರಿಗೆ ಮೊದಲು ಹೇಳಿಬಿಡುತ್ತೇನೆ. ಪ್ಲೇಟ್‌ಗಳಿಗೋಸ್ಕರ ಸಬ್ ತಗೊಳ್ಳಬೇಡಿ. 1925ರವರೆಗೆ ಮೈಕ್ ಇಲ್ಲದೆ, ಕಹಳೆಯ ಬಾಯಿಗೆ ಹಾಡಿ ರೆಕಾರ್ಡ್ ಮಾಡುತ್ತಿದ್ದರು. ಆ ಪ್ಲೇಟ್‌ಗಳಲ್ಲಿ ಆಳದ ಬಾಸ್ ಬರೆದೇ ಇಲ್ಲ. ವಿದ್ಯುತ್ ಮೈಕ್ ಬಂದ ಮೇಲಿನವುಗಳಲ್ಲೂ ಸಬ್ ನುಡಿಸುವಂಥದ್ದು ಕಮ್ಮಿ. ಅಲ್ಲಿ ಸಬ್ ಎತ್ತಿ ತೋರಿಸುವುದು ಟರ್ನ್‌ಟೇಬಲ್‌ನ ಗುಡುಗುಟ್ಟುವಿಕೆಯನ್ನು. ಆ ದುಡ್ಡನ್ನು ಒಳ್ಳೆ ಸೂಜಿಗೆ ಹಾಕಿ, ಕಂಠ ಎದುರಿಗೆ ಬಂದು ನಿಲ್ಲುತ್ತದೆ. ಹೊಸ ರೆಕಾರ್ಡಿಂಗ್‌ಗಳಿಗಾಗಿ ಮುಂದೆ ಯಾವಾಗಲಾದರೂ ಬೇಕು ಅನಿಸಿದರೆ ಹೈ ಲೆವೆಲ್ ಇನ್‌ಪುಟ್ ಇರುವ ಸಬ್ ನೋಡಿ. ಆಂಪ್ಲಿಫೈಯರ್‌ನ ಸ್ಪೀಕರ್ ಟರ್ಮಿನಲ್‌ನಿಂದಲೇ ಅದಕ್ಕೆ ವೈರ್ ಎಳೆಯಬಹುದು. ರೆಲ್‌ನವರು ಇದನ್ನೇ ಮುಖ್ಯ ಮಾಡಿಕೊಂಡಿದ್ದಾರೆ.

ಇನ್ನೊಂದು ಮಾತು, ಎರಡು ಚಾನೆಲ್ ಆಂಪ್‌ನಲ್ಲಿ ಸಿನಿಮಾ ನೋಡುವ ಎಲ್ಲರಿಗೂ. 5.1 ಟ್ರ್ಯಾಕನ್ನು ಟಿವಿ ಎರಡು ಚಾನೆಲ್‌ಗೆ ಇಳಿಸುವಾಗ ಆ .1, ಅಂದರೆ ಸಿನಿಮಾದ ಆಳದ ಬಾಸ್‌ಗೆ ಅಂತಲೇ ಇರುವ ಎಲ್‌ಎಫ್‌ಇ ಚಾನೆಲನ್ನು, ಸಾಮಾನ್ಯವಾಗಿ ಬಿಟ್ಟೇಬಿಡುತ್ತದೆ. ಸಬ್ ಎಷ್ಟೇ ಒಳ್ಳೆಯದಿದ್ದರೂ ಬಾರದ ಸದ್ದನ್ನು ನುಡಿಸಲಾರದು.

ಎಸ್ಸೆಸ್‌ಪುರಂ ಸರ್, ನಿಮ್ಮ ರಿಸೀವರ್‌ನಲ್ಲಿ ಎಲ್ಲ ಸ್ಪೀಕರನ್ನೂ 'ಸ್ಮಾಲ್' ಮಾಡಿ, ಅವುಗಳ ಬಾಸ್ ಸಬ್‌ಗೆ ಹೋಗಲಿ. ಕ್ರಾಸ್‌ಓವರ್‌ಗೆ (ಅದರ ಕೆಳಗಿನ ಸದ್ದು ಸಬ್‌ಗೆ ಹೋಗುವ ಗಡಿ) ಎಲ್ಲರೂ ಹೇಳುವುದು 80 ಹರ್ಟ್ಸ್. ನಿಮ್ಮ ಐದು ಇಂಚಿನ ವೂಫರ್‌ಗೆ 90 ಅಥವಾ 100ರಿಂದ ಶುರು ಮಾಡಿ. ಆಗ ಆ ಚಿಕ್ಕ ವೂಫರ್ ಮೇಲಿನ ಭಾರ ಇಳಿದು ಗಾಯಕರ ಧ್ವನಿಯೂ ತಿಳಿಯಾಗುತ್ತದೆ. ಇದು ಸಬ್ ಹಾಕುವುದರ ಅರ್ಧ ಲಾಭ, ಯಾರೂ ಹೇಳುವುದಿಲ್ಲ. ಆದರೆ ತೀರಾ ಮೇಲೆ ಹೋದರೆ ಸಬ್ ಎಲ್ಲಿದೆ ಅಂತ ಕಿವಿಗೆ ಗೊತ್ತಾಗಿಬಿಡುತ್ತದೆ. ಎಲ್‌ಎಫ್‌ಇ ಫಿಲ್ಟರ್ 120ರಲ್ಲೇ ಇರಲಿ. ಸಬ್‌ನ ಸ್ವಂತ ಕ್ರಾಸ್‌ಓವರ್ ಬೈಪಾಸ್ ಮಾಡಿ, ಇಲ್ಲವಾದರೆ ಒಂದೇ ಕೆಲಸ ಎರಡು ಸಲ ಆಗುತ್ತದೆ. ಫೇಸ್‌ಗೆ (ಸಬ್ ಸದ್ದನ್ನು ಸ್ಪೀಕರ್ ಸದ್ದಿನ ಜೊತೆ ಹೊಂದಿಸುವ ಸೆಟ್ಟಿಂಗ್) 0 ಮತ್ತು 180 ಎರಡರಲ್ಲೂ ಕೇಳಿ, ಎಡಗೈ ಎಲ್ಲಿ ತುಂಬಿ ಬರುತ್ತದೋ ಅದನ್ನು ಉಳಿಸಿಕೊಳ್ಳಿ.

ಮೇಲಿನ ಮಗುವಿನ ವಿಷಯ. ಸೀಲ್ಡ್ ಆಗಲಿ, ಪೋರ್ಟೆಡ್ ಆಗಲಿ, ಬಾಸ್ ಮೋಲ್ಡ್ ದಾಟಿ ಹೋಗುತ್ತದೆ. ಕೆಳಗೆ ರಬ್ಬರ್ ಪ್ಯಾಡ್ ಇಟ್ಟರೆ ನೆಲಕ್ಕೆ ಇಳಿಯುವ ನಡುಕ ಕಮ್ಮಿ ಆಗುತ್ತದೆ, ಗಾಳಿಯಲ್ಲಿ ಹೋಗುವುದಲ್ಲ. ರಾತ್ರಿ ಸಿನಿಮಾಗೆ ರಿಸೀವರ್‌ನ ನೈಟ್ ಮೋಡ್ ಹಾಕಿ, ಸಬ್ ಲೆವೆಲ್ ಇಳಿಸಿ. ಕಡಿಮೆ ವಾಲ್ಯೂಮ್‌ನಲ್ಲಿ ನಮ್ಮ ಕಿವಿಗೆ ಬಾಸ್ ಇನ್ನೂ ಕಮ್ಮಿ ಕೇಳುತ್ತದೆ, ಹಾಗಂತ ಏರಿಸಲು ಹೋಗಬೇಡಿ. ಮಗು ಮಲಗಿರುತ್ತದೆ.

ಕರೆಂಟ್ ಬಗ್ಗೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ರಿಸೀವರ್, ಟಿವಿ, ಸಬ್ ಎಲ್ಲ ಒಂದೇ ಪ್ಲಗ್ ಪಾಯಿಂಟ್‌ನಿಂದ ಬರಲಿ. ಬೇರೆ ಬೇರೆ ಕಡೆ ಹಾಕಿದರೆ ಅರ್ಥ್ ಲೂಪ್ ಆಗಿ 50 ಹರ್ಟ್ಸ್ ಗುಂಯ್ ಅನ್ನುತ್ತದೆ, ಸಬ್ ಅದನ್ನೇ ದೊಡ್ಡದು ಮಾಡುತ್ತದೆ. ಅದು ಹೋಗಲಿ ಅಂತ ಅರ್ಥ್ ಪಿನ್ ಕಿತ್ತುಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ, ಶಾಕ್ ಹೊಡೆದರೆ ಜೀವಕ್ಕೇ ಅಪಾಯ. ಕೇಬಲ್ ಟಿವಿ ಅಥವಾ ಡಿಶ್ ವೈರ್ ತೆಗೆದು ನೋಡಿ, ಬಹಳ ಕಡೆ ಗುಂಯ್ ಬರೋದು ಅಲ್ಲಿಂದ. ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಸಾದಾ ಸ್ಕ್ವೇರ್ ವೇವ್ ಇನ್ವರ್ಟರ್ ಲೈನ್‌ಗೆ ಸಬ್ ಕೊಡಬೇಡಿ. ಏಪ್ರಿಲ್, ಮೇನಲ್ಲಿ ದೇವರಾಯನದುರ್ಗದ ಕಡೆ ಮೋಡ ಕಪ್ಪಾಯಿತು ಅಂದರೆ ಪ್ಲಗ್ಗೇ ಕಿತ್ತಿಡಿ. ಸಿಡಿಲಿಗೆ ಬೇರೆ ಔಷಧಿ ಇಲ್ಲ.

---

ಶಿರಾಗೇಟ್_ಹೋಮ್‌ಥಿಯೇಟರ್

ಗುಮ್ಕಿ ಸರ್ ಹೇಳಿದ ರೂಮ್ ಲೆಕ್ಕ ಒಪ್ಪುತ್ತೇನೆ. ಆದರೆ 'ಸೀಲ್ಡ್ ಅಂದರೆ ಬಿಗಿಯಾದ ಬಾಸ್, ಪೋರ್ಟೆಡ್ ಅಂದರೆ ಸಡಿಲ' ಅಂತ ಓದುವವರು ತಿಳಿಯಬಾರದು. ಒಳ್ಳೆ ಪೋರ್ಟೆಡ್ ಸಬ್ಬನ್ನು ಸರಿಯಾಗಿ ಕೂರಿಸಿದರೆ ತನಿಯೂ ಚೆನ್ನಾಗಿಯೇ ಕೇಳುತ್ತದೆ. ಸಡಿಲ ಅನ್ನಿಸುವುದು ಬಹಳ ಸಲ ರೂಮಿನಿಂದ.

ಎಸ್ಸೆಸ್‌ಪುರಂ ಸರ್, ನನ್ನ ಹತ್ತಿರ ಸದ್ದು ಅಳೆಯುವ ಮಿನಿಡಿಎಸ್‌ಪಿ ಯುಮಿಕ್-1 ಮೈಕ್ ಇದೆ. ರೂಮ್ ಈಕ್ಯೂ ವಿಝರ್ಡ್ ಅನ್ನೋ ಉಚಿತ ಸಾಫ್ಟ್‌ವೇರ್ ಲ್ಯಾಪ್‌ಟಾಪ್‌ನಲ್ಲಿದೆ. ಸಬ್ ಬಂದ ಮೇಲೆ ಹೇಳಿ, ಬಂದು ಅಳೆದುಕೊಡುತ್ತೇನೆ. ಕಿವಿ ಹೇಳುವುದೂ ಗ್ರಾಫ್ ಹೇಳುವುದೂ ಒಂದೇನಾ ನೋಡೋಣ.

---

ಎಸ್ಸೆಸ್‌ಪುರಂ_ಕೇಳುಗ

ಸಬ್ ಬಂತು. ಎಸ್‌ಬಿ-1000 ಪ್ರೊ ತಗೊಂಡೆ. ಸೋಫಾ ಮೇಲೆ ಇಟ್ಟು ನೆಲದ ಮೇಲೆಲ್ಲ ಬಗ್ಗಿ ಬಗ್ಗಿ ಕೇಳಿದೆ. ಮಕ್ಕಳೂ ಸೇರಿಕೊಂಡರು. ಚಿಕ್ಕವಳಿಗೆ ಬಾಸ್ ಎಲ್ಲಿ ಉಬ್ಬುತ್ತದೆ ಅಂತ ನನಗಿಂತ ಬೇಗ ಗೊತ್ತಾಗುತ್ತಿತ್ತು.

ಮೂಲೆಯಲ್ಲಿ ನೀವು ಹೇಳಿದ ಹಾಗೇ ಎಲ್ಲ ಪೆಟ್ಟೂ ಒಂದೇ ದುಂ. ಬಲಗಡೆ ಗೋಡೆಯ ಪಕ್ಕ, ಸ್ಪೀಕರಿನಿಂದ ಸ್ವಲ್ಪ ಹಿಂದೆ, ಒಳ್ಳೆ ಜಾಗ ಸಿಕ್ಕಿತು. ಸೋಫಾ ಮುಂದಕ್ಕೆ ಬಂತು. ಕ್ರಾಸ್‌ಓವರ್ 90ರಲ್ಲಿ ನಿಂತಿದೆ. ಈಗ ಗುಮ್ಕಿ ಏರುವುದು ಕೇಳುತ್ತದೆ ಸರ್, ಕೈ ಜಾರುವುದೂ ಗೊತ್ತಾಗುತ್ತದೆ. ಇಷ್ಟು ವರ್ಷ ಕೇಳಿದ್ದ ರೆಕಾರ್ಡಿಂಗ್‌ನಲ್ಲೇ ಎಡಗೈ ಇಷ್ಟು ಮಾತಾಡುತ್ತಿತ್ತು ಅಂತ ಗೊತ್ತೇ ಇರಲಿಲ್ಲ. ಬೇರೆ ಸಂಗೀತಗಾರರ ತನಿಗಳನ್ನೆಲ್ಲ ಮತ್ತೆ ಮೊದಲಿಂದ ಕೇಳುತ್ತಿದ್ದೇನೆ.

ಸಿನಿಮಾದಲ್ಲಿ ಶೋಕೇಸ್ ಗಾಜು ಕಟಕಟ ಅನ್ನುತ್ತಿತ್ತು. ಗಾಜಿನ ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿಸಿದೆ, ಗೊಂಬೆಗಳ ಕೆಳಗೆ ತೆಳು ಬಟ್ಟೆ ಹಾಸಿದೆ. ಅಮ್ಮನಿಗೂ ಸಮಾಧಾನ. ಆದರೆ ತಂಬೂರಿಯ ಮಂದ್ರ ಷಡ್ಜ ಇನ್ನೂ ಸ್ವಲ್ಪ ಕಮ್ಮಿ ಅನ್ನಿಸುತ್ತಿದೆ. ಸೋಫಾದಿಂದ ಒಂದು ಅಡಿ ಪಕ್ಕಕ್ಕೆ ವಾಲಿದರೆ ಸರಿಯಾಗಿ ಬರುತ್ತದೆ.

ಶಿರಾಗೇಟ್ ಸರ್, ಈ ಭಾನುವಾರ ಮೈಕ್ ತಗೊಂಡು ಬನ್ನಿ. ಮೇಲಿನವರು ಮಗು ಕರೆದುಕೊಂಡು ಊರಿಗೆ ಹೋಗುತ್ತಿದ್ದಾರೆ, ಜೋರಾಗಿಯೇ ಅಳೆಯಬಹುದು. ಗುಮ್ಕಿ ಸರ್, ಕ್ಯಾತಸಂದ್ರ ಹತ್ತಿರವೇ, ನೀವೂ ಬರಲೇಬೇಕು. ಮೃದಂಗ ತನ್ನಿ. ಅದೇ ರೂಮಿನಲ್ಲಿ ನೀವು ನುಡಿಸಿ, ಆಮೇಲೆ ರೆಕಾರ್ಡಿಂಗ್ ಹಾಕಿ ಹೋಲಿಸೋಣ.